ಉಪ್ಪುಗಾಳಿ ತಿಂದ ಅಲಾಯ್ ಚಕ್ರಗಳಿಗೆ ಆಟೊಸೋಲ್: ಒಂದು ವರ್ಷದ ಅನುಭವ

ಮಲ್ಪೆ ಬಂದರಿನಿಂದ ಹೊರಡುವ ಮೀನಿನ ಲಾರಿಗಳು ದಾರಿಯುದ್ದಕ್ಕೂ ಮಂಜುಗಡ್ಡೆಯ ಉಪ್ಪುನೀರನ್ನು ಸುರಿಸಿಕೊಂಡೇ ಹೋಗುತ್ತವೆ. ಅದೇ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮ 2012ರ ಟಾಟಾ ಜೆನಾನ್ ಪಿಕಪ್‌ಗೆ ಹಿಂದಿನ ಮಾಲೀಕರು ಹೊರಗಿನಿಂದ ತಂದು ಹಾಕಿಸಿದ್ದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರಗಳು ಕಳೆದ ವರ್ಷದ ಹೊತ್ತಿಗೆ ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದವು. ಬೆರಳಾಡಿಸಿದರೆ ಪುಡಿ ಅಂಟುತ್ತಿತ್ತು. ಅಂಚಿನ ಬಳಿ, ಲೋಹದ ಮೇಲಿನ ಪಾರದರ್ಶಕ ಲೇಪನವಾದ ಕ್ಲಿಯರ್ ಕೋಟ್‌ನ ಅಡಿಯಲ್ಲಿ ಹುಳು ಹರಿದ ಜಾಡಿನಂತಹ ಗೆರೆಗಳು ಮೂಡಿದ್ದವು. ಅವುಗಳಿಗೆ ಮತ್ತೆ ಹೊಳಪು ತರಲು ನಾನು ಬಳಸಿದ ಜರ್ಮನಿಯ ಆಟೊಸೋಲ್ ಮೆಟಲ್ ಪಾಲಿಶ್ ಒಳ್ಳೆಯ ವಸ್ತು. ಆದರೆ ಅದನ್ನು ಯಾವ ಹಂತದಲ್ಲಿ ಬಳಸಬೇಕೆಂದು ತಿಳಿಯದೆ ಕೊಂಡವರಿಗೆ ನಿರಾಸೆ ಖಚಿತ.

ಇದಕ್ಕೂ ಮೊದಲು ಒಂದು ತಪ್ಪು ಮಾಡಿದ್ದೆ. ಗಾಡಿ ತೊಳೆಯುವ ಒಂದು ಕಡೆ, ಆ್ಯಸಿಡ್ ಹಾಕಿದರೆ ಹತ್ತು ನಿಮಿಷದಲ್ಲಿ ಹೊಸದರಂತಾಗುತ್ತದೆ ಎಂದಾಗ ಒಪ್ಪಿಕೊಂಡೆ. ಬಿಳಿ ಪುಡಿಯೇನೋ ಹೋಯಿತು, ಆದರೆ ಆ್ಯಸಿಡ್ ಇಳಿದ ಗುರುತುಗಳು ಲೋಹದ ಮೇಲೆ ಬೂದುಬಣ್ಣದ ಕಲೆಗಳಾಗಿ ಉಳಿದವು. ಆ್ಯಸಿಡ್ ಮಾತ್ರವಲ್ಲ, ಕಾಸ್ಟಿಕ್ ಸೋಡಾ ಬೆರೆತ ಯಾವ ದ್ರಾವಣವೂ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ದಯವಿಟ್ಟು ಎರಡನ್ನೂ ಚಕ್ರದ ಹತ್ತಿರ ಬಿಡಬೇಡಿ.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆ ಕಟ್ಟುತ್ತದೆ, ಮತ್ತು ಸಾಮಾನ್ಯವಾಗಿ ಆ ಪೊರೆಯೇ ಲೋಹವನ್ನು ಕಾಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಷ್ಟು ಗುಂಡಿಗಳನ್ನು ತೋಡುತ್ತದೆ. ಕಲ್ಲೇಟು ಬಿದ್ದೋ, ಬ್ಯಾಲೆನ್ಸಿಂಗ್ ತೂಕದ ಕ್ಲಿಪ್ ಗೀರಿಯೋ ಕ್ಲಿಯರ್ ಕೋಟ್ ಒಡೆದ ಕಡೆ ಇದು ಆರಂಭವಾಗುತ್ತದೆ. ಹೀಗಾಗಿ ಉಳಿದ ಕೋಟ್‌ನ ಮೇಲೆ ಎಷ್ಟು ಪಾಲಿಶ್ ತಿಕ್ಕಿದರೂ ಕೆಳಗಿನ ರೋಗಕ್ಕೆ ಅದು ತಲುಪುವುದೇ ಇಲ್ಲ.

ಕೋಟ್ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಹಳೆಯ ಬನಿಯನ್ ಬಟ್ಟೆಗೆ ಕಡಲೆಯಷ್ಟು ಆಟೊಸೋಲ್ ಹಚ್ಚಿ ಒಂದೇ ಜಾಗದಲ್ಲಿ ಅರ್ಧ ನಿಮಿಷ ಉಜ್ಜಿ ನೋಡಿ. ಬಟ್ಟೆ ಕಾಡಿಗೆಯಂತೆ ಕಪ್ಪಾದರೆ ನೀವು ಬರಿಯ ಲೋಹವನ್ನೇ ಮುಟ್ಟಿದ್ದೀರಿ. ಬಟ್ಟೆಯ ಬಣ್ಣ ಬದಲಾಗದಿದ್ದರೆ ಕೈಗೆ ಸಿಕ್ಕಿರುವುದು ಕೋಟ್. ನನ್ನ ಚಕ್ರಗಳಲ್ಲಿ ಎರಡೂ ಇದ್ದುದರಿಂದ ಮೊದಲು ಪೇಂಟ್ ರಿಮೂವರ್ ಹಚ್ಚಿ ಕೋಟ್ ಪೂರ್ತಿ ತೆಗೆದು, ನೀರು ಹಾಕಿಕೊಳ್ಳುತ್ತಾ ವಾಟರ್ ಪೇಪರಿನಲ್ಲಿ (ನೀರಿನೊಂದಿಗೆ ಬಳಸುವ ಉಜ್ಜುಕಾಗದ, ನಂಬರ್ ಹೆಚ್ಚಿದಷ್ಟೂ ನಯ) 400ರಿಂದ ಆರಂಭಿಸಿ 600, 800, 1000, 1500 ಎಂದು 2000 ನಂಬರಿನವರೆಗೆ ಉಜ್ಜಿದೆ. ಒಂದೊಂದು ಚಕ್ರಕ್ಕೂ ಐದು ಗಂಟೆಗಳಿಗೆ ಕಡಿಮೆಯಿಲ್ಲದ ದುಡಿಮೆ ಇದು. ಅವಸರದಲ್ಲಿ ಒಂದು ನಂಬರ್ ಹಾರಿಸಿದ ಚಕ್ರದಲ್ಲಿ ಹಿಂದಿನ ಪೇಪರಿನ ಗೀರುಗಳು ಪಾಲಿಶ್ ಆದ ಮೇಲೆಯೇ ಎದ್ದು ಕಂಡವು, ಮತ್ತೆ 600ಕ್ಕೇ ಮರಳಬೇಕಾಯಿತು. ನಟ್ ಕೂರುವ ಜಾಗ, ಹಬ್‌ಗೆ ಒತ್ತಿಕೊಳ್ಳುವ ಹಿಂಬದಿ ಮುಖ, ಈ ಎರಡನ್ನು ಉಜ್ಜಬಾರದು.

ಆಟೊಸೋಲ್‌ನ ನಿಜವಾದ ಕೆಲಸ ಇಲ್ಲಿಂದ ಮುಂದೆ. ಟ್ಯೂಬಿನಿಂದ ಗಟ್ಟಿ ಪೇಸ್ಟ್ ಬರುತ್ತದೆ, ಮೂಗಿಗೆ ಅಮೋನಿಯಾದ ವಾಸನೆ ಹೊಡೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬಳಸದಿರುವುದು ಒಳ್ಳೆಯದು. ಸ್ವಲ್ಪವೇ ಹಚ್ಚಿ, ಕಪ್ಪು ಒಣಗುವ ಮುನ್ನ ಒರೆಸಿ, ಬಟ್ಟೆಯ ಬೇರೆ ಮಗ್ಗುಲಿನಿಂದ ತಿಕ್ಕಿದಾಗ ಮಂಜು ಸರಿದಂತೆ ಬೆಳಕು ಮೂಡುತ್ತದೆ. ಮೂರನೆಯ ಸುತ್ತಿನ ನಂತರ ಚಕ್ರದ ಅಂಚಿನಲ್ಲಿ ನನ್ನ ಬೆರಳ ತುದಿಯ ರೇಖೆಗಳು ಕಂಡಾಗ ಆದ ಸಂತೋಷ ದೊಡ್ಡದು. ಕಡ್ಡಿಗಳ ಸಂದಿಯಲ್ಲಿ ಉಳಿದ ಕಪ್ಪು ಜಿಡ್ಡಿಗೆ ಮೈದಾ ಉದುರಿಸಿ ಒರೆಸಿದರೆ ಅದು ಹಿಟ್ಟಿಗೆ ಅಂಟಿಕೊಂಡು ಬರುತ್ತದೆ. ನಾಲ್ಕು ಚಕ್ರಗಳಿಗೆ ಸುಮಾರು ಒಂದೂವರೆ ಟ್ಯೂಬ್ ಖರ್ಚಾಯಿತು.

ಕ್ರೋಮ್‌ನ ನೀಲಿ ಹೊಳಪನ್ನು ಮಾತ್ರ ನಿರೀಕ್ಷಿಸಬೇಡಿ. ಎರಕದ ಚಕ್ರಗಳ ಮಿಶ್ರಲೋಹದಲ್ಲಿ ಸಾಮಾನ್ಯವಾಗಿ ಶೇಕಡಾ 7ರಷ್ಟು ಸಿಲಿಕಾನ್ ಇರುವುದರಿಂದ ಹೊಳಪಿನಲ್ಲಿ ಒಂದಿಷ್ಟು ಬೂದುಛಾಯೆ ಉಳಿಯುತ್ತದೆ. ಆಳವಾದ ಗುಂಡಿಗಳನ್ನೂ ಪಾಲಿಶ್ ತುಂಬಲಾರದು. ನನ್ನ ಮುಂದಿನ ಎಡಚಕ್ರದಲ್ಲಿ ಅವು ಈಗಲೂ ಇವೆ. ಅವು ಹೋಗುವವರೆಗೂ ಲೋಹವನ್ನು ಸವೆಸುವುದಕ್ಕಿಂತ ಹಾಗೆಯೇ ಬಿಡುವುದು ಲೇಸೆಂದು ನನಗನಿಸಿತು. ಟಯರ್ ಕೂರುವ ಒಳ ಅಂಚಿನಲ್ಲಿ ತುಕ್ಕು ಕಟ್ಟಿ ಗಾಳಿ ಸೋರುತ್ತಿದ್ದರೆ ಅದು ಟಯರ್ ಬಿಚ್ಚಿಸಿ ಅಂಗಡಿಯವರಿಂದಲೇ ಮಾಡಿಸಬೇಕಾದ ಕೆಲಸ. ಬಿರುಕು ಕಂಡ ಚಕ್ರಕ್ಕಂತೂ ಪಾಲಿಶ್ ಮಾಡುವ ಯೋಚನೆಯೇ ಬೇಡ, ಬದಲಾಯಿಸಿಬಿಡಿ. ಚಕ್ರ ಮರಳಿ ಕೂರಿಸಿದ ಮೇಲೆ 100 ಕಿಲೋಮೀಟರಿನೊಳಗೆ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸುವುದನ್ನು ಮರೆಯಬಾರದು.

ಕೋಟ್ ಕಳೆದುಕೊಂಡ ಲೋಹ ಕರಾವಳಿಯಲ್ಲಿ ಬೇಗ ಮಂಕಾಗುತ್ತದೆ. ಮತ್ತೆ ಲ್ಯಾಕರ್ (ಕ್ಲಿಯರ್ ಕೋಟ್) ಹೊಡೆಸಿದರೆ ಅದು ಒಡೆದ ದಿನ ಇದೇ ಕಥೆ ಮರುಕಳಿಸುತ್ತದೆಂದು ನಾನು ವ್ಯಾಕ್ಸ್ ಆರಿಸಿಕೊಂಡೆ. ಬೇಸಿಗೆಯಲ್ಲಿ ಒಮ್ಮೆ ಹಚ್ಚಿದ್ದು ಎರಡು ತಿಂಗಳು ಬಂದರೆ, ಮಳೆಗಾಲದಲ್ಲಿ ಮೂರೇ ವಾರಕ್ಕೆ ಹೊಳಪು ತಗ್ಗಿತು. ಆಗ ಸಾಬೂನು ನೀರಿನಲ್ಲಿ ತೊಳೆದು, ಆಟೊಸೋಲ್‌ನಲ್ಲಿ ಒಂದು ಸುತ್ತು ತಿಕ್ಕಿ, ಮತ್ತೆ ವ್ಯಾಕ್ಸ್ ಹಚ್ಚಿದೆ. ಚಕ್ರಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು, ವಾಟರ್ ಪೇಪರನ್ನು ಮತ್ತೆ ಮುಟ್ಟಬೇಕಾಗಿ ಬಂದಿಲ್ಲ.