ಫಾಸ್ಫೊ-ಎಕೆಟಿ ಪ್ರತಿಕಾಯ: ಆರು ವರ್ಷ ಬಳಸಿದ ಮೇಲೆ

ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಎಕೆಟಿ ಪ್ರೋಟೀನಿನಲ್ಲಿ 473ನೇ ಸ್ಥಾನದ ಅಮೈನೊ ಆಮ್ಲವಾದ ಸೀರಿನ್‌ಗೆ ಫಾಸ್ಫೇಟ್ ಸೇರಿರುವುದನ್ನು ಗುರುತಿಸುವ, ಮೊಲದಿಂದ ಪಡೆದ ಈ ಮೊನೊಕ್ಲೋನಲ್ ಪ್ರತಿಕಾಯವನ್ನು ಗರ್ಭಕೋಶದ ಒಳಪದರದ ಅಂಗಾಂಶಗಳ ಮೇಲೆ ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ಗೆ ಇದು ನನಗೆ ಸಂಪೂರ್ಣ ತೃಪ್ತಿ ತಂದಿದೆ; ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳ ಮೇಲೆ ಮಾತ್ರ ನಾನು ಇದನ್ನು ನಂಬುವುದನ್ನು ಬಿಟ್ಟಿದ್ದೇನೆ.

ಈ ಒಳಪದರದ ಕ್ಯಾನ್ಸರ್‌ಗಳಲ್ಲಿ ಒಂದು ಬಗೆಯಾದ ಎಂಡೊಮೆಟ್ರಿಯಾಯ್ಡ್ ಕ್ಯಾನ್ಸರ್‌ನಲ್ಲಿ ಬಹಳ ಸಲ ಕೆಟ್ಟಿರುವ ಜೀನ್, 1997ರಲ್ಲಿ ಗುರುತಿಸಲಾದ ಪಿಟೆನ್. ಇದರ ಪ್ರೋಟೀನು ಪಿಐಪಿ3 ಎಂಬ ಕೊಬ್ಬಿನ ಅಣುವಿನಿಂದ ಫಾಸ್ಫೇಟನ್ನು ಕಳಚುತ್ತದೆ. ಅದು ಇಲ್ಲವಾದಾಗ ಪಿಐಪಿ3 ಶೇಖರವಾಗಿ, ಎಕೆಟಿ ಕೋಶಪೊರೆಗೆ ಬಂದು, 308ನೇ ಥ್ರಿಯೊನಿನ್‌ನಲ್ಲಿ ಪಿಡಿಕೆ1 ಎಂಬ ಕಿಣ್ವದಿಂದಲೂ 473ನೇ ಸೀರಿನ್‌ನಲ್ಲಿ ಎಂಟಾರ್ಕ್2 ಎಂಬ ಕಿಣ್ವ ಸಂಕೀರ್ಣದಿಂದಲೂ ಫಾಸ್ಫೇಟ್ ಪಡೆದು ಚುರುಕಾಗುತ್ತದೆ. ಒಳಪದರದ ಕ್ಯಾನ್ಸರ್‌ನಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುವ, ಪಿಟೆನ್ ಇಲ್ಲದ ಇಶಿಕಾವಾ ಕೋಶಗಳ ಬ್ಲಾಟ್‌ನಲ್ಲಿ ಸುಮಾರು 60 ಕಿಲೊಡಾಲ್ಟನ್ ಬಳಿ ಒಂದೇ ಸ್ಪಷ್ಟ ಬ್ಯಾಂಡ್ ಕಾಣುತ್ತದೆ. ಫಾಸ್ಫೇಟ್ ಕಳಚುವ ಕಿಣ್ವವಾದ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದರೆ ಅದು ಮಾಯವಾಗುತ್ತದೆ. ಕೈಪಿಡಿ ಹೇಳಿದರೂ ಕೇಳದೆ ಮೊದಲ ಕೆಲವು ತಿಂಗಳು ನಾನು ಹಾಲಿನ ಪುಡಿಯಿಂದಲೇ ಬ್ಲಾಕ್ ಮಾಡುತ್ತಿದ್ದೆ, ಅಂದರೆ ಪ್ರತಿಕಾಯ ಬೇಡದ ಕಡೆ ಅಂಟದಂತೆ ತಡೆಯುತ್ತಿದ್ದೆ. ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನು; ಪ್ರತಿಕಾಯ ಅದಕ್ಕೂ ಅಂಟಬಹುದು. ದನದ ರಕ್ತದ ಪ್ರೋಟೀನಾದ ಬಿಎಸ್‌ಎಗೆ ಬದಲಿಸಿದ ದಿನವೇ ಹಿನ್ನೆಲೆಯ ಮಬ್ಬು ಹೋಯಿತು.

ಪ್ಯಾರಾಫಿನ್ ಬ್ಲಾಕ್‌ನಿಂದ ಕತ್ತರಿಸಿದ ತೆಳು ಪದರಕ್ಕೆ ಪ್ರತಿಕಾಯ ಹಾಕಿ, ಅದು ಅಂಟಿದಲ್ಲಿ ಕಂದು ಬಣ್ಣ ಬರಿಸುವ ಸ್ಲೈಡ್‌ಗಳ ಕಥೆ ಬೇರೆ. ಒಬ್ಬರದೇ ಬಯಾಪ್ಸಿ ಗಾಢವಾಗಿ ಕಂದಾಗಿ, ಮುಂದೆ ಗರ್ಭಕೋಶವನ್ನು ತೆಗೆದಾಗ ಸಿಕ್ಕ ಅದೇ ಗಡ್ಡೆ ಬಹುತೇಕ ಬಿಳಿಚಿಕೊಂಡಿರುವುದನ್ನು ಮತ್ತೆ ಮತ್ತೆ ನೋಡಿದ ಮೇಲೆ ಕಾರಣ ಹುಡುಕಬೇಕಾಯಿತು. ಬಯಾಪ್ಸಿಯ ಚೂರು ತಕ್ಷಣ, ಅಂಗಾಂಶವನ್ನು ಕೆಡದಂತೆ ಹಿಡಿದಿಡುವ ಫಾರ್ಮಲಿನ್‌ಗೆ ಬೀಳುತ್ತದೆ. ಇಡೀ ಗರ್ಭಕೋಶವಾದರೋ, ರಕ್ತನಾಳಗಳನ್ನು ಕಟ್ಟಿದ ಗಳಿಗೆಯಿಂದ ಆಮ್ಲಜನಕವಿಲ್ಲದೆ ಉಳಿದು, ಸೀಳಿ ತೆರೆಯದಿದ್ದರೆ ದಪ್ಪ ಸ್ನಾಯುವಿನೊಳಗೆ ಒಳಪದರಕ್ಕೆ ಫಾರ್ಮಲಿನ್ ತಲುಪಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕೋಶದ ಫಾಸ್ಫಟೇಸ್‌ಗಳು ನಾವು ಹುಡುಕುವ ಗುರುತನ್ನೇ ಅಳಿಸಿಬಿಡಬಲ್ಲವು. ಅಂಚು ಮಾತ್ರ ಬಣ್ಣ ಹಿಡಿದು ನಡುಭಾಗ ಖಾಲಿಯಿರುವ ಸ್ಲೈಡನ್ನು ಈಗ ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಬಳಸುವ ಪಿಟೆನ್ ಪ್ರತಿಕಾಯದಲ್ಲಿ ಈ ತೊಡಕು ಕಡಿಮೆ: ಗ್ರಂಥಿ ಖಾಲಿಯಾಗಿದ್ದು ಸುತ್ತಲಿನ ಆಧಾರ ಅಂಗಾಂಶವಾದ ಸ್ಟ್ರೋಮಾದ ಕೋಶಗಳು ಬಣ್ಣ ಹಿಡಿದಿದ್ದರೆ ಪ್ರೋಟೀನು ನಿಜವಾಗಿಯೂ ಇಲ್ಲವೆಂದು ಹೇಳಬಹುದು. ಆದರೆ ಅಂಥ ಒಂಟಿ ಗ್ರಂಥಿಗಳು ಆರೋಗ್ಯವಂತವೆಂದು ಕಾಣುವ ಒಳಪದರದಲ್ಲೂ ಸಿಗುವುದರಿಂದ, ಅಷ್ಟರಿಂದಲೇ ಕ್ಯಾನ್ಸರ್ ಎನ್ನುವಂತಿಲ್ಲ.

ಹೋಲಿಕೆಗೆ ಇಡುವ ಆರೋಗ್ಯವಂತ ಮಾದರಿಯೂ ಅಷ್ಟು ಸರಳವಲ್ಲ. ಈಸ್ಟ್ರೊಜೆನ್ ಬೆಳೆಸುವ, ಪ್ರೊಜೆಸ್ಟರಾನ್ ತಡೆಯುವ ಈ ಪದರ ಋತುಚಕ್ರದುದ್ದಕ್ಕೂ ಬದಲಾಗುತ್ತಿರುವಾಗ, ಯಾವ ಹಂತದ್ದೆಂದು ಬರೆಯದ ಮಾದರಿಯನ್ನು ಕಂಟ್ರೋಲ್ ಎಂದು ಕರೆಯಲು ನನಗೆ ಮನಸ್ಸಿಲ್ಲ. ಋತುಬಂಧದ ನಂತರದ ರೋಗಿಯ ಗಡ್ಡೆಗೆ, ಚಕ್ರದ ಮೊದಲರ್ಧದಲ್ಲಿ ವೇಗವಾಗಿ ಬೆಳೆಯುತ್ತಿರುವ ಒಳಪದರಕ್ಕಿಂತ, ಕ್ಷೀಣಿಸಿದ ಒಳಪದರವೇ ತಕ್ಕ ಜೋಡಿ.

ತಯಾರಕರ ಬಗ್ಗೆ ಒಂದೇ ದೂರು. ನಾಲ್ಕನೆಯ ವರ್ಷ ಬಂದ ಒಂದು ಲಾಟ್ (ತಯಾರಿಕೆಯ ಕಂತು) ತೀರ ದುರ್ಬಲವಾಗಿತ್ತು. ಹಳೆಯ ಲಾಟ್ ಜೊತೆಗಿಟ್ಟು ತೆಗೆದ ಬ್ಲಾಟ್ ಕಳುಹಿಸಿದ ಮೇಲೆಯೇ, ಅದೂ ಮೂರು ವಾರ ಕಾಯಿಸಿ, ಬದಲಿ ಕೊಟ್ಟರು. ಹಾಗಾಗಿ ಹಳೆಯ ಬಾಟಲಿ ಪೂರ್ತಿ ಮುಗಿಯುವ ಮುನ್ನವೇ ಹೊಸದನ್ನು ತರಿಸಿ, ಎರಡನ್ನೂ ಇಶಿಕಾವಾ ಕೋಶಗಳ ಒಂದೇ ಮಾದರಿಯ ಮೇಲೆ ನಡೆಸಿ ನೋಡುತ್ತೇನೆ.