ಅಜುರೈಟ್ ಹುಡುಕೋಕೆ ಈ ಪಾಕೆಟ್ ಕಿಟ್ ಸಾಕಾ?

ಕಲ್ಲು ಪರೀಕ್ಷೆ ಮಾಡುವ ಈ ಚಿಕ್ಕ ಕಿಟ್ ಕೊಳ್ಳಬೇಕಾ ಅಂತ ಯೋಚಿಸುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನಿಜವಾಗಿ ಕೆಲಸ ಮಾಡುವುದು ಎಲ್ಲಕ್ಕಿಂತ ಅಗ್ಗದ ವಸ್ತು: ಹೊಳಪು ಹಚ್ಚದ ಬಿಳಿ ಪಿಂಗಾಣಿ ಬಿಲ್ಲೆ, ಅಂದರೆ ಸ್ಟ್ರೀಕ್ ಪ್ಲೇಟ್. ಗಡಸುತನ ನೋಡುವ ಪೆನ್‌ಗಳು ಪರವಾಗಿಲ್ಲ. ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ, ಸುಳ್ಳು ಹೇಳುತ್ತದೆ. ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಈ ಕೆಲಸಕ್ಕೆ ಬೇಡವೇ ಬೇಡ. ಅಯಸ್ಕಾಂತವೂ ಒಂದಿದೆ, ಇರಲಿ ಬಿಡಿ.

ನಾನು ಇದನ್ನು ಬಳಸಿದ್ದು ಅಜುರೈಟ್‌ಗೆ. ತಾಮ್ರದ ಅದಿರಿನ ಮೇಲ್ಭಾಗದಲ್ಲಿ ಗಾಳಿ ನೀರು ತಾಗಿ ಬದಲಾದ ಕಡೆ ಹುಟ್ಟುವ ಕಡುನೀಲಿ ಖನಿಜ ಇದು. ಬಾಕ್ಸ್ ಮೇಲಿನ ಚಿತ್ರದಲ್ಲಿ ನಮೀಬಿಯಾದ ಸುಮೆಬ್ ಗಣಿಯಲ್ಲಿ ಸಿಕ್ಕಿದಂಥ ದೊಡ್ಡ ಹೊಳೆಯುವ ಹರಳಿದೆ. ಅದನ್ನು ನೋಡಿ ಆಸೆಪಡಬೇಡಿ. ಹೊರಗೆ ಸಾಮಾನ್ಯವಾಗಿ ಸಿಗುವುದು ಬಂಡೆಯ ಬಿರುಕಿನಲ್ಲಿ ಅಂಟಿಕೊಂಡ ತೆಳು ಪದರ, ಇಲ್ಲವೇ ಸಾಸಿವೆ ಕಾಳಿನಷ್ಟು ಹರಳುಗಳ ಗುಂಪು. ಅಷ್ಟು ಚಿಕ್ಕದರ ಮೇಲೆ ಯಾವ ಪರೀಕ್ಷೆ ನಡೆಯುತ್ತದೆ ಅನ್ನೋದೇ ನಿಜವಾದ ಪ್ರಶ್ನೆ, ಅಲ್ವಾ?

ಇಲ್ಲೇ ಬಿಳಿ ಬಿಲ್ಲೆ ಗೆಲ್ಲುತ್ತದೆ. ಕಲ್ಲಿನ ಹಿಂಭಾಗದಿಂದ ಬಿದ್ದ ಒಂದು ಚೂರು ಸಾಕು, ಬಿಲ್ಲೆಗೆ ಒತ್ತಿ ಉಜ್ಜಿದರೆ ಅಜುರೈಟ್ ತಿಳಿನೀಲಿ ಗೆರೆ ಬಿಡುತ್ತದೆ. ಸೋಡಲೈಟ್, ಕಯನೈಟ್, ಫ್ಲೋರೈಟ್, ನೀಲಿ ಕ್ಯಾಲ್ಸೈಟ್ ಇವೆಲ್ಲ ಮೇಲೆ ಎಷ್ಟೇ ನೀಲಿಯಾಗಿದ್ದರೂ ಪುಡಿಯಾದಾಗ ಬಿಳಿ. ಅನುಮಾನದಲ್ಲಿ ಮುಕ್ಕಾಲು ಪಾಲು ಅಲ್ಲೇ ತೀರುತ್ತದೆ. ಆಮೇಲೂ ಉಳಿಯುವ ಜಗಳಗಂಟರು ಮುಖ್ಯವಾಗಿ ಇಬ್ಬರು, ಲ್ಯಾಜುರೈಟ್ ಮತ್ತು ಲಿನಾರೈಟ್, ಅವೂ ನೀಲಿ ಗೆರೆಯನ್ನೇ ಎಳೆಯುತ್ತವೆ.

ಅವನ್ನು ಬೇರೆ ಮಾಡೋಕೆ ಪೆನ್ ಬೇಕು. ಕಿಟ್‌ನಲ್ಲಿ ಎರಡೂ ತುದಿಗೆ ಮೊನೆ ಇರುವ ನಾಲ್ಕು ಪೆನ್, ಖನಿಜಗಳ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ (1 ಅತಿ ಮೆತ್ತಗೆ, 10 ಅತಿ ಗಟ್ಟಿ) 2ರಿಂದ 9ರವರೆಗೆ. ಈ ಕೆಲಸಕ್ಕೆ 3 ಮತ್ತು 4 ಮಾತ್ರ ಸಾಕು. ಅಜುರೈಟ್‌ನ ಗಡಸುತನ 3.5ರಿಂದ 4, ಹಾಗಾಗಿ 3ರ ಮೊನೆ ಅದನ್ನು ಗೀರುವುದಿಲ್ಲ, 4ರದ್ದು ಒತ್ತಿದರೆ ಗೀರುತ್ತದೆ. ಲಿನಾರೈಟ್ ಸುಮಾರು 2.5, ಅದು 3ಕ್ಕೇ ಸೋಲುತ್ತದೆ. ಲ್ಯಾಜುರೈಟ್ 5ರಿಂದ 5.5, 4ಕ್ಕೆ ಬಗ್ಗುವುದಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪುಡಿಪುಡಿಯಾದ ಪದರದ ಮೇಲೆ ಯಾವ ಮೊನೆ ಇಟ್ಟರೂ ಗೀರು ಬಿದ್ದಂತೆ ಕಾಣುತ್ತದೆ, ಯಾಕಂದರೆ ಅಲ್ಲಿ ಖನಿಜ ಗೀರಿಕೊಳ್ಳುತ್ತಿಲ್ಲ, ಕಣಗಳು ಕಳಚುತ್ತಿವೆ. ಇನ್ನೊಂದು ಮಾತು, ಚೆಂದದ ಹರಳಿನ ಮುಖಕ್ಕೆ ಪೆನ್ ತಾಗಿಸಲೇಬೇಡಿ. ಸಂಗ್ರಹದ ಕಲ್ಲಿಗೆ ಒಂದು ಗೀರು ಬಿದ್ದರೆ ಅದರ ಬೆಲೆ ಹೋಯಿತು.

ಪೆನ್ ಕೈಕೊಟ್ಟಲ್ಲಿ ಆಸಿಡ್. ಕಿಟ್‌ನಲ್ಲಿ ಖಾಲಿ ಡ್ರಾಪರ್ ಬಾಟಲಿ ಮಾತ್ರ ಇರುತ್ತದೆ, ತೆಳು ಹೈಡ್ರೋಕ್ಲೋರಿಕ್ ಆಸಿಡ್ ನಾವೇ ಹೊಂದಿಸಿಕೊಳ್ಳಬೇಕು, ಸುಮಾರು 10 ಶೇಕಡಾ ಸಾಕು. ಅಜುರೈಟ್ ಕಾರ್ಬೊನೇಟ್, ಅಂದರೆ ಆಸಿಡ್ ತಾಗಿದರೆ ಅನಿಲ ಬಿಡುವ ಜಾತಿ, ಆದ್ದರಿಂದ ನೊರೆ ಬರುತ್ತದೆ. ಆದರೆ ಕೆಳಗಿರುವ ಬಂಡೆ ಸುಣ್ಣದ ಕಲ್ಲಾಗಿದ್ದರೆ ಅದೂ ಬುಸ್ಸೆನ್ನುತ್ತದೆ, ಯಾರು ನೊರೆ ಬಿಟ್ಟರು ಅಂತಲೇ ಗೊತ್ತಾಗಲ್ಲ! ಅದಕ್ಕೆ ಹನಿಯನ್ನು ಕಲ್ಲಿನ ಮೇಲೆ ಬಿಡುವ ಬದಲು ಬಿಲ್ಲೆಯ ಮೇಲೆ ಎಳೆದ ನೀಲಿ ಗೆರೆಯ ಮೇಲೆ ಬಿಡಿ. ಪಿಂಗಾಣಿಗೆ ಏನೂ ಆಗುವುದಿಲ್ಲ, ಕಲ್ಲೂ ಉಳಿಯುತ್ತದೆ, ಪುಡಿಯಾಗಿರುವುದರಿಂದ ಗುಳ್ಳೆ ಬೇಗ ಏಳುತ್ತದೆ. ಲ್ಯಾಜುರೈಟ್ ಆಗಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಕಿಟ್ ಜೊತೆ ಬಂದ ಕರಪತ್ರದಲ್ಲಿ ಈ ಆಸಿಡ್ ಪರೀಕ್ಷೆಯ ಸುದ್ದಿಯೇ ಇಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲಿ.

ಈಗ ಲೂಪ್. ಮೇಲೆ 30 ಪಟ್ಟು ಅಂತ ಅಚ್ಚು ಹಾಕಿದ್ದಾರೆ. ನಿಜಕ್ಕೂ 30 ಪಟ್ಟು ಆಗಿದ್ದರೆ ಕಲ್ಲನ್ನು ಲೆನ್ಸ್‌ನಿಂದ ಒಂದು ಸೆಂಟಿಮೀಟರ್‌ಗಿಂತ ಹತ್ತಿರ ಹಿಡಿದಾಗ ಮಾತ್ರ ಚಿತ್ರ ಸ್ಪಷ್ಟವಾಗಬೇಕು. ಇದರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೇ ಸ್ಪಷ್ಟ, ಅಂದರೆ 10 ಪಟ್ಟು. ಹಾಗಂತ ಕೆಲಸಕ್ಕೆ ಬಾರದ್ದಲ್ಲ, ಹೊರಗೆ ಬೇಕಾಗುವುದು 10 ಪಟ್ಟೇ. ನೀಲಿ ಹರಳಿನ ಅಂಚು ಹಸಿರಿಗೆ ತಿರುಗಿ ಮ್ಯಾಲಕೈಟ್ (ತಾಮ್ರದ್ದೇ ಹಸಿರು ಖನಿಜ) ಆಗುತ್ತಿರುವುದು ಕಂಡರೆ ಅದೇ ದೊಡ್ಡ ಸುಳಿವು. ಯಾರೋ ಮಾರಿದ ಕಲ್ಲಾದರೆ ಬಿರುಕುಗಳಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯಾ ನೋಡಿ, ಬಣ್ಣ ಹಾಕಿದ ಕಲ್ಲು ಹಾಗೆ ಸಿಕ್ಕಿಬೀಳುತ್ತದೆ.

ಯುವಿ ಟಾರ್ಚ್ ಹಾಕಿದರೆ ಅಜುರೈಟ್ ಬೆಳಗುವುದಿಲ್ಲ. ಸೋಡಲೈಟ್ ಹುಡುಕುವವರಿಗೆ, ಫ್ಲೋರೈಟ್ ಹುಡುಕುವವರಿಗೆ ಅದು ಬೇಕಾಗಬಹುದು. ಅದರ ಜಾಗದಲ್ಲಿ ಒಂದು ನೀರಿನ ಸ್ಪ್ರೇ ಬಾಟಲಿ ಇಟ್ಟಿದ್ದರೆ ಎಷ್ಟೋ ವಾಸಿ. ಧೂಳು ಮೆತ್ತಿದ ಕಲ್ಲು ಬೂದಿಯಂತೆ ಕಾಣುತ್ತದೆ, ನೀರು ಬಿದ್ದ ಕ್ಷಣ ಬಣ್ಣ ಏಳುತ್ತದೆ. ಮಳೆ ನಿಂತ ಮೇಲೆ ಹಳೆಯ ಗಣಿಯ ಕಲ್ಲುರಾಶಿ ನೋಡಲು ಹೋಗುವುದೂ ಇದಕ್ಕೇ. ಅಲ್ಲಿ ಮೊದಲು ನೀಲಿ ಹುಡುಕಬೇಡಿ. ತುಕ್ಕಿನ ಕಂದು ಬಂಡೆ, ಅದರ ಮೇಲೆ ಹಸಿರು ಕಲೆ ಎಲ್ಲಿದೆ ನೋಡಿ, ದೂರದಿಂದ ಕಣ್ಣಿಗೆ ಬೀಳುವುದು ಆ ಹಸಿರೇ, ನೀಲಿ ಅದರ ಪಕ್ಕದಲ್ಲಿ ಎಲ್ಲೋ ಇರುತ್ತದೆ. ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ, ಹಳೆಯ ಸುರಂಗದ ಒಳಗಂತೂ ಒಪ್ಪಿಗೆ ಇದ್ದರೂ ಬೇಡ.

ಡಬ್ಬಿ ಗಟ್ಟಿಯಾಗಿದೆ, ಒಳಗಿನ ಸ್ಪಂಜು ಬೇಗ ಹರಿಯುತ್ತದೆ. ಆಸಿಡ್ ತುಂಬಿದ ಬಾಟಲಿಗೆ ಅದರಲ್ಲೇ ಒಂದು ಗುಳಿ ಕೊಟ್ಟಿದ್ದಾರೆ, ಪೆನ್‌ಗಳ ಪಕ್ಕದಲ್ಲೇ. ಅಲ್ಲಿ ಇಡಬೇಡಿ, ಮುಚ್ಚಳ ಬಿಗಿಯಾಗಿದ್ದರೂ ಹೊರಬರುವ ಆವಿಗೆ ಉಕ್ಕಿನ ಮೊನೆ ತುಕ್ಕು ಹಿಡಿಯುತ್ತದೆ. ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಎರಡು ಆ ಬಿಳಿ ಬಿಲ್ಲೆಯದ್ದು.