ಸಿಗರೇಟು ಬಿಡೋಕೆ 2 ಎಂ.ಜಿ. ನಿಕೋಟಿನ್ ಗಮ್: ಗಂಗಾವತಿಯಿಂದ ಒಂದು ಅನುಭವ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು ನಾನು. ಸಿಗರೇಟು ಬಿಡಲೇಬೇಕು ಅಂತ ಮೆಡಿಕಲ್ ಶಾಪಿನಿಂದ 2 ಎಂ.ಜಿ. ನಿಕೋಟಿನ್ ಗಮ್ ತಂದೆ. ತಂಬಾಕಿನ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಟ್ಟು, ಸೇದೋ ಆಸೆ ತಗ್ಗಿಸೋ ಚೂಯಿಂಗ್ ಗಮ್ ಇದು. ಡಾಕ್ಟರ ಚೀಟಿ ಕೇಳಲಿಲ್ಲ. ಕೆಲಸ ಮಾಡ್ತದೆ, ಬಳಸೋ ರೀತಿ ಗೊತ್ತಿದ್ದರೆ.

ನಮ್ಮ ಹಮಾಲರಲ್ಲೊಬ್ಬರು ಇದನ್ನೇ ತಗೊಂಡು, "ಬಾಯಿ ಸುಡತೈತಿ ಸರ, ಬಿಕ್ಕಳಿಕಿ ನಿಲ್ಲವಲ್ದು" ಅಂತ ಉಗುಳಿ ಮತ್ತೆ ಬೀಡಿ ಹಚ್ಚಿದರು. ಗಬಗಬ ಅಗಿದುಬಿಟ್ಟಿದ್ದರು. ಹಾಗೆ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳೀತದೆ, ಗಂಟಲು ಉರೀತದೆ. ನಿಧಾನಕ್ಕೆ ಅಗೀರಿ. ಮೆಣಸು ಕಡಿದಂಗೆ ಜುಮ್ ಅಂದ ಕೂಡಲೇ ನಿಲ್ಲಿಸಿ, ಕೆನ್ನೆ-ಒಸಡಿನ ನಡುವೆ ಒತ್ತಿಡಿ. ಅಲ್ಲಿಂದಲೇ ಅದು ರಕ್ತಕ್ಕೆ ಸೇರೋದು. ಜುಮ್ಮು ಇಳಿದರೆ ಮತ್ತೆ ಅಗಿದು ಜಾಗ ಬದಲಿಸಿ. ಒಂದು ಗಮ್ ಅರ್ಧ ಗಂಟೆ ಬರ್ತದೆ. ನಮ್ಮ ಕಡೆಯವರಿಗೆ ಕಷ್ಟ ಚಹಾದ್ದು: ಮಂಡಕ್ಕಿ-ಮಿರ್ಚಿ ಮೇಲೆ ಚಹಾ, ಚಹಾದ ಮೇಲೆ ಸಿಗರೇಟು. ಚಹಾ, ಕಾಫಿ, ಸೋಡಾ ಕುಡಿದು ಕಾಲು ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಗಮ್ ಸರಿಯಾಗಿ ಹತ್ತೋದಿಲ್ಲ.

"ಇದರಾಗೂ ನಿಕೋಟಿನ್ ಐತಲ್ಲ?" ಅಂತ ಕೇಳ್ತಾರೆ. ಇದೆ. ಚಟ ಹಿಡಿಸೋದು ನಿಕೋಟಿನ್ನು. ಶ್ವಾಸಕೋಶಕ್ಕೆ ಕ್ಯಾನ್ಸರ್ ತರೋದು ಹೊಗೆಯಲ್ಲಿರೋ ಟಾರು ಅನ್ನೋ ಅಂಟು ಮಸಿ, ಅದರೊಳಗಿನ ಹತ್ತಾರು ವಿಷಗಳು. ಬೀಡಿ ಹೊಗೆಯಲ್ಲೂ ಅವಿವೆ, 'ಲೈಟ್' ಸಿಗರೇಟಲ್ಲೂ ಅವಿವೆ. ಪೂರ್ತಿ ಬಿಟ್ಟು 10 ವರ್ಷ ಆದರೆ ಈ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರೋರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕಿಳೀತದೆ. ಎಷ್ಟು ಬೇಗ ಬಿಟ್ಟರೆ ಅಷ್ಟು ಲಾಭ. ಮಿಲ್ಲಿನ ಧೂಳಿಗೆ ಮಾಸ್ಕ್ ಹಾಕ್ಕೊಳ್ಳಲೇಬೇಕು, ಆದರೆ ಧೂಳಿನ ನೆಪ ಹೇಳಿ ಬೀಡಿ ಉಳಿಸ್ಕೋಬೇಡಿ ಅಂತ ಎಲ್ಲರಿಗೂ ಕೈಮುಗಿದು ಹೇಳ್ತೀನಿ.

ಕೊರತೆಗಳೂ ಇವೆ. ಬೆಳಗ್ಗೆ ಎದ್ದು ಅರ್ಧ ಗಂಟೆಯೊಳಗೇ ಸೇದೋರಿಗೆ 2 ಎಂ.ಜಿ. ಸಾಲದೆ ಹೋಗಬಹುದು; 4 ಎಂ.ಜಿ.ಗೆ ಡಾಕ್ಟರ ಚೀಟಿ ಬೇಕು. ಕಟ್ಟಿಸಿದ ಹಲ್ಲಿಗೆ ಅಂಟ್ಕೊಳ್ತದೆ. ಹೃದಯದ ತೊಂದರೆ ಇರೋರು, ಬಸುರಿಯರು ಡಾಕ್ಟರನ್ನು ಕೇಳದೆ ತಗೋಬಾರದು. ಬೆಲೆ ಕಡಿಮೆಯೇನಲ್ಲ, ದಿನಕ್ಕೊಂದು ಪ್ಯಾಕ್ ಸೇದೋರಿಗೆ ಹೊರೆಯೂ ಅಲ್ಲ.

ಗಮ್ ಒಂದನ್ನೇ ನಂಬ್ಕೊಂಡು ಕೂರಬೇಡಿ. ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗಿರೋ 1800-11-2356 ಸರ್ಕಾರದ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಹಮಾಲಣ್ಣನಿಗೆ ಆ ನಂಬರು ಬರೆದುಕೊಟ್ಟು, ಹೊಸ ಸ್ಟ್ರಿಪ್ಪೊಂದನ್ನೂ ಕೊಡಿಸಿದ್ದೀನಿ.